ಮುಚ್ಚಳ ತೆಗೆದ ಮೇಲೆ ಜಾಮ್ ಎಷ್ಟು ದಿನ?

ಜಾಮ್ ಬಾಟಲಿಯ ಮೇಲೆ ಅಚ್ಚಾಗಿರುವ ದಿನಾಂಕ ನೋಡಿ ನಿಶ್ಚಿಂತೆಯಿಂದ ಇರುವವರೇ ಹೆಚ್ಚು. 'ಇನ್ನೂ ಎಂಟು ತಿಂಗಳು ಇದೆಯಲ್ಲ' ಎಂದುಕೊಂಡು ಅರ್ಧ ಖಾಲಿಯಾದ ಬಾಟಲಿಯನ್ನು ಮತ್ತೆ ಶೆಲ್ಫಿಗೆ ಸೇರಿಸುತ್ತೇವೆ. ಆದರೆ ಆ ದಿನಾಂಕ ಹೇಳುವುದು ಮುಚ್ಚಳ ತೆರೆಯದ ಬಾಟಲಿಯ ಆಯಸ್ಸನ್ನು ಮಾತ್ರ. ಮೊದಲ ಸಲ ಮುಚ್ಚಳ ತಿರುಗಿಸಿದಾಗ 'ಟಪ್' ಎಂದು ಸದ್ದು ಬರುತ್ತದಲ್ಲ, ಆಗ ಒಳಗೆ ಗಾಳಿ ನುಗ್ಗುತ್ತದೆ. ಅಲ್ಲಿಂದ ಮುಂದೆ ಅದು ಎಷ್ಟು ದಿನ ಬಾಳುತ್ತದೆ ಎಂಬುದನ್ನು ತೀರ್ಮಾನಿಸುವುದು ಕಾರ್ಖಾನೆಯ ಅಚ್ಚಲ್ಲ. ಅದರೊಳಗಿನ ಸಕ್ಕರೆ, ನಿಮ್ಮ ಚಮಚ, ನಿಮ್ಮ ಊರಿನ ಹವೆ.

ಅಂಗಡಿಯ ಜಾಮ್, ಮನೆಯಲ್ಲೇ ಕುದಿಸಿದ ಅನಾನಸ್ ಜಾಮ್, ನೆಲ್ಲಿಕಾಯಿ ಮೊರಬ್ಬ, ಪುನರ್ಪುಳಿ ಸಿರಪ್, ಕಿತ್ತಳೆ ಸ್ಕ್ವಾಷ್, ಡಬ್ಬಿಯ ಮಾವಿನ ಹಣ್ಣಿನ ರಸ, ಹಲಸಿನ ಬೆರಟಿ ಇವೆಲ್ಲ ಹಣ್ಣನ್ನು ಕಾಪಿಡುವ ಬೇರೆ ಬೇರೆ ದಾರಿಗಳು. ತೆರೆದ ಮೇಲೆ ಇವನ್ನು ಒಂದೇ ರೀತಿ ನೋಡಿಕೊಳ್ಳಲಾಗದು. ಯಾವುದನ್ನು ಹೇಗೆ, ಏಕೆ ಎಂಬುದು ಗೊತ್ತಿದ್ದರೆ ತಿನ್ನುವವರ ಹೊಟ್ಟೆಯೂ ಕೆಡುವುದಿಲ್ಲ, ಒಳ್ಳೆಯ ಪದಾರ್ಥವೂ ಕಸದ ಬುಟ್ಟಿ ಸೇರುವುದಿಲ್ಲ.

ಜಾಮ್ ಕೆಡದಿರುವುದು ಏಕೆ

ಸಕ್ಕರೆ, ಹುಳಿ, ಗಾಳಿಯಾಡದ ಮುಚ್ಚಳ: ಜಾಮ್ ಉಳಿಯುವುದು ಈ ಮೂರರಿಂದ. ಮುಚ್ಚಳ ತೆರೆದಾಗ ಮೂರನೆಯದು ಹೋಗುತ್ತದೆ. ಉಳಿದೆರಡು ಎಷ್ಟು ಬಲವಾಗಿವೆ ಎಂಬುದೇ ಮುಂದಿನ ಪ್ರಶ್ನೆ.

ಬೂಷ್ಟು, ಯೀಸ್ಟ್, ಬ್ಯಾಕ್ಟೀರಿಯಾ ಯಾವುದೇ ಇರಲಿ, ಬೆಳೆಯಲು ನೀರು ಬೇಕು. ಜಾಮ್‌ನಲ್ಲಿ ನೀರಿದ್ದರೂ ಸಕ್ಕರೆ ಅದನ್ನು ಹಿಡಿದಿಟ್ಟುಕೊಂಡಿರುವುದರಿಂದ ಸೂಕ್ಷ್ಮಜೀವಿಗಳಿಗೆ ಸಿಗುವುದು ಸ್ವಲ್ಪವೇ. ಹೀಗೆ ಅವುಗಳ ಬಳಕೆಗೆ ಸಿಗುವ ನೀರನ್ನು ಆಹಾರ ವಿಜ್ಞಾನಿಗಳು 0ಯಿಂದ 1ರವರೆಗಿನ ಅಳತೆಯಲ್ಲಿ ಹೇಳುತ್ತಾರೆ. ಶುದ್ಧ ನೀರಿಗೆ 1. ಬಹುತೇಕ ಬ್ಯಾಕ್ಟೀರಿಯಾಗಳಿಗೆ 0.9ಕ್ಕಿಂತ ಹೆಚ್ಚು ಇರಬೇಕು. ಚೆನ್ನಾಗಿ ಸಕ್ಕರೆ ಹಾಕಿ ಕುದಿಸಿದ ಜಾಮ್ ಸಾಮಾನ್ಯವಾಗಿ 0.75ರಿಂದ 0.85ರ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಬ್ಯಾಕ್ಟೀರಿಯಾಕ್ಕೆ ಅಲ್ಲಿ ಬೆಳೆಯಲು ಆಗದು. ಬೂಷ್ಟು ಮತ್ತು ಕೆಲವು ಯೀಸ್ಟ್‌ಗಳು ಮಾತ್ರ ಇಷ್ಟು ಕಡಿಮೆ ನೀರಿನಲ್ಲೂ ಬದುಕಬಲ್ಲವು. ಕೆಟ್ಟ ಜಾಮ್‌ನಲ್ಲಿ ನಮ್ಮ ಕಣ್ಣಿಗೆ, ಮೂಗಿಗೆ ಸಿಗುವುದು ಈ ಎರಡೇ.

ಎಫ್‌ಎಸ್‌ಎಸ್‌ಎಐ ನಿಯಮದಂತೆ ಜಾಮ್‌ನಲ್ಲಿ ಕರಗಿದ ಘನಾಂಶ ಕನಿಷ್ಠ ಶೇ. 65 ಇರಬೇಕು. ಇದರಲ್ಲಿ ಹೆಚ್ಚಿನ ಪಾಲು ಸಕ್ಕರೆಯದೇ. ಸ್ಕ್ವಾಷ್‌ಗೆ ಶೇ. 40 ಇದ್ದರೆ ಸಾಕು. ಜಾಮ್ ತನ್ನ ಸಕ್ಕರೆಯ ಬಲದಿಂದಲೇ ಬಹುಮಟ್ಟಿಗೆ ಉಳಿಯುತ್ತದೆ. ಸ್ಕ್ವಾಷ್ ಉಳಿಯಲು ಸಂರಕ್ಷಕ ರಾಸಾಯನಿಕ ಬೇಕೇ ಬೇಕು. ತೆರೆದ ಸ್ಕ್ವಾಷ್ ಬಾಟಲಿಯನ್ನು ಜಾಮ್‌ನಂತೆ ನಿರ್ಲಕ್ಷಿಸಬಾರದು ಎನ್ನುವುದು ಇದಕ್ಕೇ.

ಇನ್ನು ಹುಳಿ. ಪಿಎಚ್ 4.6ಕ್ಕಿಂತ ಕೆಳಗಿರುವ ಹುಳಿ ಪದಾರ್ಥದಲ್ಲಿ ಬಾಟುಲಿಸಂ ಎಂಬ ಮಾರಕ ವಿಷಾಹಾರಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ದ್ರಾಕ್ಷಿ, ಅನಾನಸ್, ಕಿತ್ತಳೆ, ನೆಲ್ಲಿ, ಪುನರ್ಪುಳಿಯಲ್ಲಿ ಹುಟ್ಟಿನಿಂದಲೇ ಸಾಕಷ್ಟು ಹುಳಿಯಿದೆ. ಪಪ್ಪಾಯಿ, ಹಲಸು, ಬಾಳೆ, ಅಂಜೂರ, ಸಪೋಟಗಳಲ್ಲಿ ಇಲ್ಲ. ಈ ಹಣ್ಣುಗಳ ಜಾಮ್ ಮಾಡುವಾಗ ನಿಂಬೆರಸ ಅಥವಾ ಸಿಟ್ರಿಕ್ ಆಮ್ಲ ಹಾಕುವುದು ರುಚಿಗೆ ಮಾತ್ರವಲ್ಲ, ಸುರಕ್ಷತೆಗೂ ಹೌದು. ಮಾವಿನ ಹುಳಿ ತಳಿ ಮತ್ತು ಮಾಗುವಿಕೆಯ ಮೇಲೆ ಬದಲಾಗುವುದರಿಂದ ಅದಕ್ಕೂ ನಿಂಬೆ ಹಾಕುವುದೇ ಕ್ಷೇಮ.

ಮೊದಲು ಚಮಚ, ಆಮೇಲೆ ಫ್ರಿಜ್

ಜಾಮ್ ಕೆಡುವುದು ಬಹುಪಾಲು ಚಮಚದಿಂದ. ತೊಳೆದು ಕೊಡವಿದ ಚಮಚದಲ್ಲಿ ಉಳಿದ ನಾಲ್ಕು ಹನಿ ನೀರು ಬಾಟಲಿಯ ಮೇಲ್ಪದರದಲ್ಲಿ ಸಕ್ಕರೆಯನ್ನು ತೆಳುವಾಗಿಸುತ್ತದೆ. ಬಾಟಲಿಯಲ್ಲಿ ಒಟ್ಟಾರೆ ಸಕ್ಕರೆ ಎಷ್ಟೇ ಇರಲಿ, ಆ ಒಂದು ಜಾಗದಲ್ಲಿ ನೀರು ಹೆಚ್ಚಾದರೆ ಬೂಷ್ಟಿಗೆ ಅಷ್ಟೇ ಸಾಕು. ಬ್ರೆಡ್ಡಿಗೆ ಸವರಿದ ಚಾಕುವನ್ನೇ ಮತ್ತೆ ಬಾಟಲಿಗೆ ಅದ್ದಿದರೆ ಬ್ರೆಡ್ಡಿನ ಪುಡಿ, ಬೆಣ್ಣೆ ಒಳಗೆ ಸೇರುತ್ತವೆ. ಬ್ರೆಡ್ಡಿಗೆ ಬೂಷ್ಟು ಎಷ್ಟು ಬೇಗ ಬರುತ್ತದೆಂಬುದು ಎಲ್ಲರಿಗೂ ಗೊತ್ತು. ಆ ಬೀಜಕಣಗಳನ್ನು ನಾವೇ ಜಾಮ್‌ಗೆ ಬಿತ್ತಿದಂತಾಗುತ್ತದೆ. ನೆಕ್ಕಿದ ಚಮಚವಾದರೆ ಎಂಜಲಿನಲ್ಲಿರುವ ಸೂಕ್ಷ್ಮಜೀವಿಗಳೂ ಒಳಹೋಗುತ್ತವೆ.

ನಮ್ಮ ಮನೆಗಳಲ್ಲಿ ಉಪ್ಪಿನಕಾಯಿಯ ವಿಷಯದಲ್ಲಿ ಈ ಶಿಸ್ತು ತಲೆತಲಾಂತರದಿಂದ ಇದೆ. ದೊಡ್ಡ ಭರಣಿ ಉಗ್ರಾಣದಲ್ಲಿ. ಊಟಕ್ಕೆ ಬರುವುದು ಸಣ್ಣ ಜಾಡಿ. ಭರಣಿಗೆ ಒದ್ದೆ ಕೈ ತಾಗಿಸುವಂತಿಲ್ಲ, ಎಂಜಲು ಸೋಕಿಸುವಂತಿಲ್ಲ, ಒಣಗಿದ ಸೌಟಿನಲ್ಲೇ ತೆಗೆಯಬೇಕು. ಜಾಮ್ ಬಾಟಲಿಗೂ ಇದೇ ಕಟ್ಟುಪಾಡು ಬೇಕು. ಉಪ್ಪಿನಕಾಯಿಯ ಮೇಲೆ ಎಣ್ಣೆಯ ಪದರವಾದರೂ ಇರುತ್ತದೆ, ಜಾಮ್‌ಗೆ ಅದೂ ಇಲ್ಲ.

ಮಕ್ಕಳಿರುವ ಮನೆಯಲ್ಲಿ ಇದನ್ನು ಹೀಗೆ ಸುಲಭ ಮಾಡಿಕೊಳ್ಳಬಹುದು. ಒಂದು ವಾರಕ್ಕೆ ಬೇಕಾದಷ್ಟು ಜಾಮ್ ಅನ್ನು ಒಣ ಚಮಚದಿಂದ ತೆಗೆದು ಸಣ್ಣ ಗಾಜಿನ ಡಬ್ಬಿಗೆ ಹಾಕಿಡಿ. ಮೇಜಿನ ಮೇಲೆ ಬರುವುದು ಆ ಡಬ್ಬಿ ಮಾತ್ರ. ದೊಡ್ಡ ಬಾಟಲಿ ಮುಚ್ಚಿ ಫ್ರಿಜ್‌ನಲ್ಲೇ ಇರಲಿ. ಡಬ್ಬಿ ಖಾಲಿಯಾದಾಗ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಮತ್ತೆ ತುಂಬಿ. ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ.

ಬಾಟಲಿಯ ಬಾಯಂಚನ್ನೂ ಮರೆಯಬಾರದು. ಅಲ್ಲಿ ಅಂಟಿದ ಜಾಮ್ ಗಟ್ಟಿಯಾದರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಸಂದಿಯಲ್ಲಿ ಗಾಳಿಯಾಡುತ್ತದೆ, ಇರುವೆ ಬರುತ್ತದೆ. ಬಳಸಿದ ಮೇಲೆ ಬಿಸಿನೀರಿನಲ್ಲಿ ಹಿಂಡಿದ ಶುಭ್ರ ಬಟ್ಟೆಯಿಂದ ಅಂಚು ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ ಮುಚ್ಚಿ. ತಗಡಿನ ಮುಚ್ಚಳದ ಒಳಬಣ್ಣ ಕಿತ್ತು ತುಕ್ಕು ಕಂಡರೆ ಆ ಮುಚ್ಚಳವನ್ನು ಬದಲಿಸಿ. ಹಣ್ಣಿನ ಹುಳಿ ಲೋಹವನ್ನು ತಿನ್ನುತ್ತದೆ.

ಎಲ್ಲಿಡಬೇಕು

ತೆರೆದ ಹಣ್ಣಿನ ಪದಾರ್ಥಗಳಿಗೆ ಫ್ರಿಜ್ ಒಳ್ಳೆಯ ಜಾಗ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೂಷ್ಟು, ಯೀಸ್ಟ್ ಬಹಳ ನಿಧಾನವಾಗಿ ಬೆಳೆಯುತ್ತವೆ. ನಿಧಾನವಾಗುತ್ತದೆಯೇ ಹೊರತು ಪೂರ್ತಿ ನಿಲ್ಲುವುದಿಲ್ಲ. ಹಾಗಾಗಿ ಫ್ರಿಜ್‌ನಲ್ಲಿದೆ ಎಂದ ಮಾತ್ರಕ್ಕೆ ವರ್ಷಗಟ್ಟಲೆ ಇಡುವಂತಿಲ್ಲ.

ಫ್ರಿಜ್‌ನ ಬಾಗಿಲು ಅದರ ಅತಿ ಬೆಚ್ಚಗಿನ ಭಾಗ. ತೆಗೆದು ಹಾಕುವಾಗಲೆಲ್ಲ ಹೊರಗಿನ ಗಾಳಿ ಮೊದಲು ತಾಗುವುದು ಅಲ್ಲಿಗೆ. ಶೇ. 65 ಸಕ್ಕರೆಯ ಜಾಮ್ ಬಾಗಿಲಲ್ಲಿದ್ದರೂ ನಡೆಯುತ್ತದೆ. ಕಡಿಮೆ ಸಕ್ಕರೆಯ ಜಾಮ್, ಮಾವಿನ ರಸ, ಮನೆಯ ಸಿರಪ್ ಒಳಗಿನ ತಟ್ಟೆಯಲ್ಲಿ, ಹಿಂಭಾಗದಲ್ಲಿರಲಿ.

ಫ್ರಿಜ್ ಇಲ್ಲದಿದ್ದರೆ? ಇಲ್ಲಿ ಊರಿನ ಹವೆಯನ್ನು ಗಮನಿಸಬೇಕು. ಜಾಮ್ ತನ್ನ ಸುತ್ತಲಿನ ಗಾಳಿಯೊಂದಿಗೆ ತೇವವನ್ನು ಕೊಟ್ಟು ತೆಗೆದುಕೊಳ್ಳುತ್ತದೆ. 0.8ರ ಅಳತೆಯ ಜಾಮ್, ಶೇ. 80ಕ್ಕಿಂತ ಹೆಚ್ಚು ತೇವವಿರುವ ಗಾಳಿಗೆ ತೆರೆದುಕೊಂಡರೆ ಗಾಳಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ಆಷಾಢ ಶ್ರಾವಣದ ಗಾಳಿ ಇದಕ್ಕಿಂತಲೂ ಒದ್ದೆ. ಸಡಿಲ ಮುಚ್ಚಳದ ಬಾಟಲಿಯಲ್ಲಿ ಮೇಲ್ಪದರ ತೆಳುವಾಗಿ, ನಾಲ್ಕೈದು ದಿನಗಳಲ್ಲೇ ಬಿಳಿ ಚುಕ್ಕೆ ಕಾಣಿಸಿಕೊಳ್ಳಬಹುದು. ಬೆಲ್ಲ ಹಾಕಿದ ಪದಾರ್ಥಗಳು ಇನ್ನೂ ಬೇಗ ನೀರೊಡೆಯುತ್ತವೆ, ಏಕೆಂದರೆ ಬೆಲ್ಲ ತೇವವನ್ನು ಸಕ್ಕರೆಗಿಂತ ಹೆಚ್ಚು ಹೀರುತ್ತದೆ. ಕಲಬುರಗಿ, ರಾಯಚೂರಿನ ಬೇಸಗೆಯಲ್ಲಿ ತೊಂದರೆ ಬೇರೆ. ಅಲ್ಲಿ ಗಾಳಿ ಒಣ, ಆದರೆ 40 ಡಿಗ್ರಿ ದಾಟುವ ಬಿಸಿಲು ಬಣ್ಣ, ರುಚಿಯನ್ನು ಬೇಗ ಕೆಡಿಸುತ್ತದೆ, ಸಿರಪ್‌ಗಳು ಹುದುಗೇಳಲು ಅನುಕೂಲವಾಗುತ್ತದೆ. ಫ್ರಿಜ್ ಇಲ್ಲದ ಮನೆಗೆ ಸರಿಯಾದ ದಾರಿಯೆಂದರೆ ಒಂದೆರಡು ವಾರದಲ್ಲಿ ಮುಗಿಯುವಷ್ಟು ಸಣ್ಣ ಬಾಟಲಿ ಕೊಂಡು, ಒಲೆಯಿಂದ ದೂರ, ಕತ್ತಲೆಯ ತಂಪು ಮೂಲೆಯಲ್ಲಿಡುವುದು. ಕಡಿಮೆ ಸಕ್ಕರೆಯದನ್ನು ಅಂಥ ಮನೆಗೆ ತರಲೇಬಾರದು.

ಫ್ರಿಜ್‌ನಿಂದ ತೆಗೆದ ತಣ್ಣನೆಯ ಬಾಟಲಿಯನ್ನು ಮಳೆಗಾಲದಲ್ಲಿ ಮುಚ್ಚಳವಿಲ್ಲದೆ ಮೇಜಿನ ಮೇಲೆ ಬಿಟ್ಟರೆ ಗಾಳಿಯ ತೇವ ಜಾಮ್ ಮೇಲೆಯೇ ಹನಿಗಟ್ಟುತ್ತದೆ. ಬೇಕಾದಷ್ಟು ತೆಗೆದು ತಕ್ಷಣ ಮುಚ್ಚಿ ಒಳಗಿಡಿ. ಮನೆಯಲ್ಲಿ ಮಾಡಿದ ಬಿಸಿ ಜಾಮ್ ಅನ್ನು ಬೇರೆ ಡಬ್ಬಿಗೆ ಹಾಕಿ ನೇರ ಫ್ರಿಜ್‌ಗೆ ಸೇರಿಸಿದರೂ ಇದೇ ಕಥೆ: ಆವಿ ಮುಚ್ಚಳದ ಒಳಗೆ ನೀರಾಗಿ ಕೆಳಗೆ ತೊಟ್ಟಿಕ್ಕುತ್ತದೆ.

ಸಕ್ಕರೆ ಕಡಿಮೆ ಮಾಡಿದಾಗ

ಸಕ್ಕರೆ ಕಾಯಿಲೆಯ ಭಯದಿಂದ ಮನೆಯಲ್ಲೇ ಅರ್ಧ ಸಕ್ಕರೆಯ ಜಾಮ್ ಮಾಡುವವರು ಈಗ ಬಹಳ. ಒಳ್ಳೆಯದೇ. ಆದರೆ ಅದನ್ನು ಅಜ್ಜಿ ಮಾಡುತ್ತಿದ್ದ ಜಾಮ್‌ನಂತೆ ಕಪಾಟಿನಲ್ಲಿಡಲಾಗದು. ಸಿಹಿಯಿಂದ ಹಣ್ಣು ಉಳಿಯುವುದಿಲ್ಲ. ನೀರನ್ನು ಹಿಡಿದಿಡುವಷ್ಟು ಸಕ್ಕರೆಯ ಪ್ರಮಾಣ ಇದ್ದರೆ ಉಳಿಯುತ್ತದೆ. ಸ್ಟೀವಿಯಾದಂಥ ಸಿಹಿಕಾರಕ ಚಿಟಿಕೆಯಷ್ಟೇ ಸಾಕಾಗುವುದರಿಂದ ಸಿಹಿ ಬರುತ್ತದೆ, ರಕ್ಷಣೆ ಬರುವುದಿಲ್ಲ. ಇಂಥ ಜಾಮ್ ಅನ್ನು ಬೇಯಿಸಿದ ಹಣ್ಣಿನ ಪದಾರ್ಥ ಎಂದೇ ತಿಳಿಯಬೇಕು. ಸ್ವಲ್ಪ ಸ್ವಲ್ಪವೇ ಮಾಡಿ, ಮೊದಲ ದಿನದಿಂದಲೇ ಫ್ರಿಜ್‌ನಲ್ಲಿಟ್ಟು, ಎರಡು ಮೂರು ವಾರದಲ್ಲಿ ಮುಗಿಸಿ. ಹೆಚ್ಚು ಮಾಡಿದ್ದರೆ ಸಣ್ಣ ಡಬ್ಬಿಗಳಲ್ಲಿ ಫ್ರೀಜರ್‌ಗೆ ಹಾಕಿ. ತುಂಬುವಾಗ ಮೇಲೆ ಒಂದು ಬೆರಳಿನಷ್ಟು ಜಾಗ ಬಿಡಿ, ಹೆಪ್ಪುಗಟ್ಟುವಾಗ ಅದು ಹಿಗ್ಗುತ್ತದೆ.

ಅಂಗಡಿಯಲ್ಲಿ 'ಸಕ್ಕರೆ ಸೇರಿಸಿಲ್ಲ' ಎಂದು ಬರೆದ ಬಾಟಲಿ ಕೊಳ್ಳುವಾಗ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ತೆರೆದ ನಂತರ ಎಲ್ಲಿಡಬೇಕು, ಎಷ್ಟು ದಿನದಲ್ಲಿ ಬಳಸಬೇಕು ಎಂಬ ಸೂಚನೆ ಅಲ್ಲಿರುತ್ತದೆ. ಈ ಲೇಖನದ ಅವಧಿಗೂ ಲೇಬಲ್‌ಗೂ ವ್ಯತ್ಯಾಸ ಕಂಡರೆ ಲೇಬಲ್ಲಿನ ಮಾತನ್ನೇ ಪಾಲಿಸಿ.

ಸ್ಕ್ವಾಷ್, ಸಿರಪ್, ಡಬ್ಬಿಯ ರಸ

ಕಿತ್ತಳೆ, ನಿಂಬೆ, ಅನಾನಸ್ ಸ್ಕ್ವಾಷ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಸಂರಕ್ಷಕ ಪೊಟ್ಯಾಷಿಯಂ ಮೆಟಾಬೈಸಲ್ಫೈಟ್. ಲೇಬಲ್ ಮೇಲೆ ಐಎನ್‌ಎಸ್ 224 ಎಂದು ಕಾಣುತ್ತದೆ. ಅದರಿಂದ ಹೊರಡುವ ಸಲ್ಫರ್ ಡೈಆಕ್ಸೈಡ್ ಅನಿಲ ಬೂಷ್ಟನ್ನು ತಡೆಯುತ್ತದೆ. ಬಾಟಲಿ ತೆರೆದಾಗಲೆಲ್ಲ ಆ ಅನಿಲ ಸ್ವಲ್ಪ ಸ್ವಲ್ಪ ಹೊರಹೋಗುವುದರಿಂದ ರಕ್ಷಣೆಯೂ ತಗ್ಗುತ್ತಾ ಬರುತ್ತದೆ. ಪುನರ್ಪುಳಿ, ದಾಳಿಂಬೆ, ನೇರಳೆಯಂಥ ಕೆಂಪು ಬಣ್ಣದ ರಸಗಳಿಗೆ ಇದನ್ನು ಹಾಕಿದರೆ ಬಣ್ಣ ಮಾಸುವುದರಿಂದ ಅವುಗಳಿಗೆ ಸೋಡಿಯಂ ಬೆಂಜೋಯೇಟ್, ಅಂದರೆ ಐಎನ್‌ಎಸ್ 211 ಬಳಸುತ್ತಾರೆ. ಅಸ್ತಮಾ ಇರುವ ಕೆಲವರಿಗೆ ಸಲ್ಫೈಟ್‌ನಿಂದ ಉಸಿರಾಟದ ತೊಂದರೆ ಬರುವುದುಂಟು. ಅಂಥವರು ಈ ಸಂಖ್ಯೆಗಳನ್ನು ನೋಡಿಯೇ ಕೊಳ್ಳಬೇಕು.

ಸಂರಕ್ಷಕವಿಲ್ಲದ ಮನೆಯ ಪುನರ್ಪುಳಿ ಸಿರಪ್ ಉಳಿಯುವುದು ಗಟ್ಟಿ ಪಾಕ ಮತ್ತು ಹಣ್ಣಿನ ಹುಳಿಯಿಂದ. ಪಾಕ ತೆಳುವಾಗಿದ್ದರೆ ಯೀಸ್ಟ್ ಸೇರಿ ಹುದುಗೇಳುತ್ತದೆ. ಬಾಟಲಿಯಿಂದ ಲೋಟಕ್ಕೆ ಸುರಿದುಕೊಳ್ಳಿ, ಚಮಚ ಅದ್ದಬೇಡಿ. ನೀರು ಬೆರೆಸಿದ ಮೇಲೆ ಸ್ಕ್ವಾಷ್ ಆಗಲಿ, ಸಿರಪ್ ಆಗಲಿ ಆ ದಿನವೇ ಕುಡಿದು ಮುಗಿಸಬೇಕು. ಬೆರೆಸಿ ಉಳಿದದ್ದನ್ನು ಬಾಟಲಿಗೆ ಮರಳಿ ಸುರಿಯುವುದಂತೂ ಕೂಡದು.

ಡಬ್ಬಿಯ ಮಾವಿನ ಹಣ್ಣಿನ ರಸದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಹಬ್ಬಕ್ಕೋ ಸೀಕರಣೆಗೋ ತಂದ ಡಬ್ಬಿಯಲ್ಲಿ ಅರ್ಧ ಉಳಿಯುವುದು ಸಾಮಾನ್ಯ. ಆ ರಸದಲ್ಲಿ ಜಾಮ್‌ನಷ್ಟು ಸಕ್ಕರೆ ಇಲ್ಲ. ಅದು ಉಳಿದಿದ್ದೇ ಬಿಸಿ ಮಾಡಿ ಬಿಗಿಯಾಗಿ ಮುಚ್ಚಿದ್ದರಿಂದ. ತೆರೆದ ತಗಡಿನ ಡಬ್ಬಿಯಲ್ಲೇ ಬಿಟ್ಟರೆ ಗಾಳಿ, ಹುಳಿ ಸೇರಿ ಲೋಹ ರಸಕ್ಕೆ ಇಳಿದು ಬಾಯಿಗೆ ಲೋಹದ ರುಚಿ ಬರುತ್ತದೆ. ತೆರೆದ ಕೂಡಲೇ ಉಳಿದದ್ದನ್ನು ಗಾಜು ಅಥವಾ ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಿ, ಫ್ರಿಜ್‌ನಲ್ಲಿಟ್ಟು ಐದಾರು ದಿನದೊಳಗೆ ಬಳಸಿ. ಅಷ್ಟು ಬೇಗ ಬೇಡವೆಂದರೆ ಐಸ್ ಟ್ರೇಯಲ್ಲಿ ಸುರಿದು ಫ್ರೀಜರ್‌ಗಿಡಿ. ಬೇಕಾದಾಗ ನಾಲ್ಕು ಗಟ್ಟಿ ತೆಗೆದು ಮಜ್ಜಿಗೆಗೋ ಹಾಲಿಗೋ ಹಾಕಬಹುದು. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಉಬ್ಬಿದ, ಸೋರುವ ಡಬ್ಬಿಯನ್ನು ತೆರೆಯದೆಯೇ ಎಸೆಯಿರಿ.

ಹಣ್ಣಿನ ಯಾವ ಪದಾರ್ಥವನ್ನೂ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬಾರದು. ಹುಳಿ ತಾಗಿ ಕಿಲುಬು ಬಿಡುತ್ತದೆ. ಗಾಜು, ಪಿಂಗಾಣಿ, ಒಳ್ಳೆಯ ಸ್ಟೀಲ್ ಇವೇ ಸರಿ.

ಬೂಷ್ಟು ಬಂದರೆ

ಮೇಲಿನ ಬೂಷ್ಟನ್ನು ಚಮಚದಿಂದ ತೆಗೆದು ಕೆಳಗಿನದನ್ನು ತಿನ್ನುವ ರೂಢಿ ಎಷ್ಟೋ ಮನೆಗಳಲ್ಲಿದೆ. ದಯವಿಟ್ಟು ಅದನ್ನು ಬಿಟ್ಟುಬಿಡಿ. ಕಣ್ಣಿಗೆ ಕಾಣುವ ಹಸಿರು, ಬಿಳಿ, ಕಪ್ಪು ಮಚ್ಚೆ ಬೂಷ್ಟಿನ ಮೇಲ್ಭಾಗ ಮಾತ್ರ. ಅದರ ಸಣ್ಣ ಎಳೆಗಳು ಮೆತ್ತಗಿನ ಜಾಮ್‌ನೊಳಗೆ ಕಾಣದಂತೆ ಇಳಿದಿರುತ್ತವೆ. ಕೆಲವು ಬೂಷ್ಟುಗಳು ವಿಷವನ್ನು ಉತ್ಪಾದಿಸುತ್ತವೆ. ಸೇಬಿನ ಮೇಲೆ ಹೆಚ್ಚಾಗಿ ಬೆಳೆಯುವ ಪೆನಿಸಿಲಿಯಂ ಜಾತಿಯ ಬೂಷ್ಟು ಬಿಡುವ ಪ್ಯಾಟುಲಿನ್ ಅಂಥದ್ದೊಂದು. ಸೇಬಿನ ರಸದಲ್ಲಿ ಅದು ಕಿಲೋಗೆ 50 ಮೈಕ್ರೋಗ್ರಾಂ ಮೀರಬಾರದೆಂದು ಮಿತಿ ಹಾಕಲಾಗಿದೆ. ಮತ್ತೆ ಕುದಿಸಿದರೆ ಬೂಷ್ಟು ಸಾಯುತ್ತದೆ, ಆದರೆ ಪ್ಯಾಟುಲಿನ್ ಹುಳಿ ಪದಾರ್ಥದಲ್ಲಿ ಶಾಖವನ್ನು ತಾಳಿಕೊಳ್ಳುತ್ತದೆ. ಹಾಗಾಗಿ ಕುದಿಸಿ ಸರಿಪಡಿಸುತ್ತೇನೆ ಎನ್ನುವಂತಿಲ್ಲ. ಬೂಷ್ಟು ಕಂಡ ಬಾಟಲಿಯನ್ನು ಮೂಗಿಗೆ ಹಿಡಿದು ಮೂಸಿ ನೋಡಲೂ ಬೇಡಿ. ಅದರ ಬೀಜಕಣಗಳು ಉಸಿರಾಟಕ್ಕೆ ಒಳ್ಳೆಯದಲ್ಲ. ಮುಚ್ಚಳ ಹಾಕಿ, ಕವರ್‌ನಲ್ಲಿ ಕಟ್ಟಿ ಎಸೆಯಿರಿ. ಪಕ್ಕದಲ್ಲಿದ್ದ ಬಾಟಲಿಗಳನ್ನೂ ಒಮ್ಮೆ ನೋಡಿ, ಫ್ರಿಜ್‌ನ ಆ ತಟ್ಟೆಯನ್ನು ಒರೆಸಿ.

ಯೀಸ್ಟ್‌ನ ಗುರುತು ಬೇರೆ. ಮುಚ್ಚಳ ತೆಗೆದಾಗ 'ಬುಸ್' ಎನ್ನುವುದು, ಸಣ್ಣ ಗುಳ್ಳೆ, ನೊರೆ, ಹೆಂಡದಂಥ ವಾಸನೆ, ಉಬ್ಬಿದ ಮುಚ್ಚಳ. ಇದನ್ನೂ ಬಳಸಬಾರದು. ಹುದುಗೆದ್ದ ಸಿರಪ್‌ನ ಗಾಜಿನ ಬಾಟಲಿ ಒತ್ತಡಕ್ಕೆ ಸಿಡಿಯುವುದೂ ಉಂಟು, ನಿಧಾನವಾಗಿ ತೆರೆಯಿರಿ. ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಇರುವ ಮನೆಯಲ್ಲಿ ಅನುಮಾನ ಬಂದ ಪದಾರ್ಥವನ್ನು ರುಚಿ ನೋಡಿ ಪರೀಕ್ಷಿಸುವ ಗೋಜಿಗೇ ಹೋಗಬಾರದು.

ಎಲ್ಲ ಬದಲಾವಣೆಯೂ ಕೆಟ್ಟದ್ದೇ ಎಂದೇನಿಲ್ಲ. ಫ್ರಿಜ್‌ನಲ್ಲಿಟ್ಟ ಜಾಮ್‌ನಲ್ಲಿ, ಮೊರಬ್ಬದಲ್ಲಿ ಮರಳಿನಂಥ ಹರಳು ಸಿಕ್ಕರೆ ಅದು ಸಕ್ಕರೆಯೇ. ಮೇಲೆ ತಿಳಿನೀರು ಒಸರಿದ್ದರೆ ಜಾಮ್ ಕಟ್ಟಿದ ಹದ ಸಡಿಲವಾಗಿದೆ ಎಂದರ್ಥ. ವಾಸನೆ, ಬಣ್ಣ ಸರಿಯಿದ್ದರೆ ತಿನ್ನಬಹುದು, ಬೇಗ ಮುಗಿಸಿ. ಮೇಲ್ಪದರ ಸ್ವಲ್ಪ ಕಂದಾಗುವುದು ಗಾಳಿ ತಾಗಿದ್ದರಿಂದ. ಇವಕ್ಕೆಲ್ಲ ಹೆದರಿ ಎಸೆಯಬೇಕಾಗಿಲ್ಲ.

ತೆರೆದ ಮೇಲೆ ಎಷ್ಟು ದಿನ

ಒಣ ಚಮಚ, ಬಿಗಿ ಮುಚ್ಚಳ, ಫ್ರಿಜ್ ಮೂರೂ ಇದ್ದರೆ ಈ ಅವಧಿಗಳನ್ನು ನೆಚ್ಚಬಹುದು. ಲೇಬಲ್ ಇರುವ ಪದಾರ್ಥಕ್ಕೆ ಲೇಬಲ್ಲೇ ಮೊದಲು.

- ಅಂಗಡಿಯ ಮಾಮೂಲಿ ಜಾಮ್, ಜೆಲ್ಲಿ, ಮಾರ್ಮಲೇಡ್: ಮೂರು ತಿಂಗಳೊಳಗೆ ಮುಗಿಸಿದರೆ ರುಚಿ, ಬಣ್ಣ ಚೆನ್ನಾಗಿರುತ್ತದೆ.
- ಮನೆಯಲ್ಲಿ ಪೂರ್ತಿ ಸಕ್ಕರೆ ಹಾಕಿ ಮಾಡಿದ ಜಾಮ್: ಒಂದು ತಿಂಗಳು.
- ಕಡಿಮೆ ಸಕ್ಕರೆಯ ಜಾಮ್: ಎರಡರಿಂದ ಮೂರು ವಾರ.
- ನೆಲ್ಲಿಕಾಯಿ ಮೊರಬ್ಬ: ಕಾಯಿಗಳು ಪಾಕದಲ್ಲಿ ಪೂರ್ತಿ ಮುಳುಗಿದ್ದರೆ ಎರಡು ಮೂರು ತಿಂಗಳು. ಪಾಕದಿಂದ ಮೇಲೆದ್ದ ಕಾಯಿಗೇ ಮೊದಲು ಬೂಷ್ಟು ಬರುತ್ತದೆ.
- ಸ್ಕ್ವಾಷ್, ಮನೆಯ ಗಟ್ಟಿ ಸಿರಪ್: ಸುಮಾರು ಒಂದು ತಿಂಗಳು.
- ಹಲಸಿನ ಬೆರಟಿ: ನೀರಿನ ಪಸೆ ಆರುವಷ್ಟು ಕಾಯಿಸಿದ್ದರೆ ಕೆಲವು ತಿಂಗಳು. ಪಾಯಸಕ್ಕೆ ಒಂದು ಸಲಕ್ಕೆ ಬೇಕಾಗುವಷ್ಟು ಉಂಡೆ ಮಾಡಿ ಫ್ರೀಜರ್‌ನಲ್ಲಿಟ್ಟರೆ ಇನ್ನೂ ಉತ್ತಮ.
- ಡಬ್ಬಿಯ ಮಾವಿನ ರಸ, ಸಕ್ಕರೆ ನೀರಿನಲ್ಲಿರುವ ಹಣ್ಣಿನ ಹೋಳು: ಐದಾರು ದಿನ.

ಈ ಲೆಕ್ಕ ಉಪಯೋಗಕ್ಕೆ ಬರಬೇಕಾದರೆ ತೆರೆದ ದಿನ ನೆನಪಿರಬೇಕು. ನೆನಪನ್ನು ನಂಬದೆ, ತೆರೆದ ಕೂಡಲೇ ಮುಚ್ಚಳದ ಮೇಲೆ ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಮನೆಯಲ್ಲಿ ಯಾರೇ ಬಾಟಲಿ ಕೈಗೆತ್ತಿಕೊಂಡರೂ ಕೇಳುವ ಅಗತ್ಯ ಬೀಳುವುದಿಲ್ಲ.

ತಳದಲ್ಲಿ ಉಳಿಯುವ ಎರಡು ಮೂರು ಚಮಚ ಜಾಮ್ ತಿಂಗಳುಗಟ್ಟಲೆ ಫ್ರಿಜ್‌ನಲ್ಲಿ ಕೂತು ಕೆಡುವುದು ಹೆಚ್ಚು. ಅದನ್ನು ಹಾಗೆ ಬಿಡದೆ ಬಿಸಿ ಹಾಲಿಗೆ, ಅನಾನಸ್ ಜಾಮ್ ಆದರೆ ಕೇಸರಿಬಾತಿಗೆ, ಚಪಾತಿಯ ಸುರುಳಿಗೆ ಬಳಸಿ ಬಾಟಲಿ ಮುಗಿಸಿ. ಮುಂದಿನ ಸಲ ಅಂಗಡಿಗೆ ಹೋದಾಗ ದೊಡ್ಡ ಬಾಟಲಿಯ ಮೇಲಿನ ರಿಯಾಯಿತಿಗೆ ಮರುಳಾಗುವ ಮುನ್ನ ಮನೆಯಲ್ಲಿ ಜಾಮ್ ತಿನ್ನುವವರು ಎಷ್ಟು ಜನ, ವಾರಕ್ಕೆ ಎಷ್ಟು ಸಲ ಎಂದು ಯೋಚಿಸಿ. ಇಬ್ಬರೇ ಇರುವ ಮನೆಗೆ 200 ಗ್ರಾಂ ಬಾಟಲಿ ಸಾಕು. ಕಿಲೋ ಬಾಟಲಿಯಲ್ಲಿ ಉಳಿಸಿದ ನಾಲ್ಕು ಕಾಸು ಅರ್ಧ ಜಾಮ್ ಎಸೆದಾಗ ಹೋಗಿಬಿಡುತ್ತದೆ, ಬೆಳೆದವರ, ಬೇಯಿಸಿದವರ ಶ್ರಮವೂ ಅದರೊಂದಿಗೆ ಹೋಗುತ್ತದೆ.